ಮಕ್ಕಳ ನಾಲಗೆಗೆ ನುಡಿಯುಣಿಸಿದ ಪಂಜೆ ಮಂಗೇಶರಾಯರು

ಕನ್ನಡ ನಾಡಿನಲ್ಲಿ ಸರ್ಕಾರಿ ಶಾಲೆಯ ಹಲಗೆಯ ಮೇಲೆ ಕುಳಿತು ಓದಿದ ಹಿರಿಯರನ್ನು ಚಿಕ್ಕಂದಿನ ಪದ್ಯವೊಂದನ್ನು ನೆನಪಿಸಿಕೊಳ್ಳಿರೆಂದು ಕೇಳಿದರೆ, ಅವರಲ್ಲಿ ಬಹುಮಂದಿಯ ಬಾಯಿಗೆ ಮೊದಲು ಬರುವುದು ನಾಗರಹಾವನ್ನು ಕರೆದು ಮಾತನಾಡಿಸುವ ಪದ್ಯ. ಪದ್ಯ ನೆನಪಿದ್ದವರಿಗೂ ಅದನ್ನು ಬರೆದವರ ಹೆಸರು ಎಷ್ಟೋ ವೇಳೆ ನೆನಪಿರುವುದಿಲ್ಲ. ಅದನ್ನು ಬರೆದವರು ಪಂಜೆ ಮಂಗೇಶರಾಯರು. ಕನ್ನಡದ ಎಳೆಯ ಮಕ್ಕಳಿಗೆ ನುಡಿಯ ರುಚಿಯನ್ನು ಹಚ್ಚುವುದಕ್ಕಾಗಿಯೇ ತಮ್ಮ ಪ್ರತಿಭೆಯ ಬಹುಭಾಗವನ್ನು ಮುಡಿಪಿಟ್ಟ ಆ ಮಹನೀಯರ ಬದುಕನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಬಯಸುತ್ತೇವೆ.

ಅವರನ್ನು ಈಗ ನೆನೆಯುವುದಕ್ಕೆ ಕಾರಣವುಂಟು. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಭಕ್ತರ ಮನೆಗಳಿಗೆ ಹೋದಾಗ ತಾಯಂದಿರಿಂದ ನಾವು ಮತ್ತೆ ಮತ್ತೆ ಕೇಳುವ ಮಾತೊಂದಿದೆ. ಮಗುವಿಗೆ ಅಕ್ಷರವೆಲ್ಲ ಬರುತ್ತದೆ, ಕೂಡಿಸಿ ಓದಲೂ ಬರುತ್ತದೆ, ಆದರೆ ಓದಿದ್ದೇನೆಂದು ಕೇಳಿದರೆ ಸುಮ್ಮನಾಗುತ್ತದೆ ಎಂಬುದೇ ಆ ಮಾತು. ಈ ಸೀಮೆಯ ತಾಂಡಾಗಳಲ್ಲಿ ಲಂಬಾಣಿ ಭಾಷೆಯನ್ನಾಡುವ ಮಕ್ಕಳಿದ್ದಾರೆ. ಪೇಟೆಗಳಲ್ಲಿ ಉರ್ದು ಮನೆಮಾತಿನ ಮಕ್ಕಳಿದ್ದಾರೆ. ತಮಿಳು, ತೆಲುಗು ಆಡುವ ಮನೆಗಳೂ ಇವೆ. ಅವರಿಗೆ ಕನ್ನಡದ ಪಾಠಪುಸ್ತಕವೇ ಎರಡನೆಯ ಭಾಷೆ. ಕನ್ನಡ ಮನೆಮಾತಾದ ಮಕ್ಕಳಲ್ಲಿಯೂ ಹಲವರು ಮೂರನೆಯ ವರ್ಷಕ್ಕೇ ಇಂಗ್ಲಿಷ್ ಮಾಧ್ಯಮದ ಶಾಲೆಯ ವಾಹನವನ್ನೇರುತ್ತಾರೆ. ಅಜ್ಜಿಯ ಕಥೆಯ ಹೊತ್ತನ್ನು ಮೊಬೈಲ್ ತುಂಬಿದೆ. ಇಂಥ ಹೊತ್ತಿನಲ್ಲಿ, ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲೊಂದು ಭಾಷೆಯ ನಡುವೆ ತಾವೂ ಬೆಳೆದು, ಅಂಥ ಮಕ್ಕಳಿಗೇ ಕನ್ನಡ ಕಲಿಸಿದ ಗುರುವೊಬ್ಬರ ಜೀವನವು ನಮಗೆ ದಾರಿ ತೋರಬಲ್ಲದು.

ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿ ನದಿಯ ದಡದ ಬಂಟವಾಳದಲ್ಲಿ. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಹಿರಿಯರ ಮೂಲ ಊರಾದ ಪಂಜ ಗ್ರಾಮದ ಹೆಸರೇ ಮನೆತನದ ಹೆಸರಾಗಿ ನಿಂತಿತು. ಆಗ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿತ್ತು. ನಮ್ಮ ಕಡೂರು, ತರೀಕೆರೆ ಸೀಮೆಯು ಮೈಸೂರು ಸಂಸ್ಥಾನದಲ್ಲಿತ್ತು, ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಕನ್ನಡ ನಾಡು ಹೀಗೆ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲವದು. ಒಂದೆಡೆಯ ಪುಸ್ತಕ ಇನ್ನೊಂದೆಡೆಗೆ ತಲುಪುವುದೇ ಅಪರೂಪವಾಗಿತ್ತು.

ಮಂಗೇಶರಾಯರ ಮನೆಯ ಮಾತು ಕೊಂಕಣಿ. ಬಂಟವಾಳದ ಬೀದಿಯ ಮಾತು, ಗದ್ದೆಯ ಮಾತು, ಸಂತೆಯ ಮಾತು ತುಳು. ಶಾಲೆಯ ಮಾತು ಕನ್ನಡ. ಮೇಲಿನ ತರಗತಿಗೆ ಏರಿದರೆ ಇಂಗ್ಲಿಷ್. ಯಕ್ಷಗಾನದ ಮೇಳಗಳಿಂದ ಇರುಳಿಡೀ ಕೇಳಿಬರುತ್ತಿದ್ದುದು ಮಾತ್ರ ಕನ್ನಡದ ಅರ್ಥಗಾರಿಕೆ. ಕರಾವಳಿಯ ಮಕ್ಕಳು ಶಾಲೆಗೆ ಬರುವ ಮೊದಲೇ ಕನ್ನಡದ ಎಷ್ಟೋ ಮಾತುಗಳನ್ನು ಈ ಆಟಗಳಿಂದ ಕಿವಿಗೆ ಹಾಕಿಕೊಂಡಿರುತ್ತಿದ್ದರು. ಭಾಷೆಯೊಂದು ಕಣ್ಣಿಗೆ ಕಾಣುವ ಮೊದಲು ಕಿವಿಗೆ ಕೇಳಬೇಕು, ಕಿವಿಗೆ ಕೇಳಿದ್ದು ಮೈಯಲ್ಲಿ ಕುಣಿಯಬೇಕು ಎಂಬ ತಿಳಿವಳಿಕೆಯು ಪಂಜೆಯವರ ಮುಂದಿನ ಬರವಣಿಗೆಯಲ್ಲೆಲ್ಲ ಕಾಣುತ್ತದೆ. ಅದರ ಬೇರು ಈ ನಾಲ್ಕು ಭಾಷೆಗಳ ಬಾಲ್ಯದಲ್ಲಿದೆಯೆಂದು ನಾವು ಭಾವಿಸುತ್ತೇವೆ.

ಮನೆಯಲ್ಲಿ ಬಡತನವಿತ್ತು. ಮಂಗಳೂರಿಗೆ ಬಂದು ಓದನ್ನು ಮುಂದುವರಿಸಿದ ಪಂಜೆಯವರು ಮನೆಪಾಠ ಹೇಳಿ ಖರ್ಚನ್ನು ತೂಗಿಸಿಕೊಂಡರು. ವಿದ್ಯಾರ್ಥಿಯಾಗಿರುವಾಗಲೇ ಗುರುವಾಗಬೇಕಾದ ಅನಿವಾರ್ಯವು ಅವರ ಪಾಲಿಗೆ ವರವೇ ಆಯಿತು. ಮುಂದೆ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಕೆಲಸಕ್ಕೆ ಸೇರಿದರು. ಕೆಲಸ ಮಾಡುತ್ತಲೇ ಪದವಿಯನ್ನು ಪಡೆದರು. ಆ ಬಳಿಕ ಮದರಾಸಿನ ಸೈದಾಪೇಟೆಯ ಅಧ್ಯಾಪಕರ ಕಾಲೇಜಿನಲ್ಲಿ ತರಬೇತಿ ಪಡೆದು ವಿದ್ಯಾ ಇಲಾಖೆಯಲ್ಲಿ ಶಾಲೆಗಳ ಇನ್‌ಸ್ಪೆಕ್ಟರರಾದರು. ಅಧ್ಯಾಪಕರನ್ನು ತಯಾರು ಮಾಡುವ ತರಬೇತಿ ಶಾಲೆಯಲ್ಲಿಯೂ ದುಡಿದರು. ಮಕ್ಕಳಿಗೆ ಕಲಿಸುವುದು, ಕಲಿಸುವವರನ್ನು ನೋಡುವುದು, ಕಲಿಸುವವರಿಗೇ ಕಲಿಸುವುದು ಎಂಬ ಮೂರು ನೆಲೆಗಳಲ್ಲಿಯೂ ಅವರಿಗೆ ಅನುಭವ ಕೂಡಿಬಂದಿತು.

ಪಂಜೆಯವರು ಮಾಡಿದ ಕೆಲಸದ ಬೆಲೆಯನ್ನು ಅರಿಯಬೇಕಾದರೆ ಅವರಿಗಿಂತ ಮೊದಲು ನಮ್ಮ ಮಕ್ಕಳು ಓದು ಕಲಿಯುತ್ತಿದ್ದ ಬಗೆಯನ್ನು ಒಂದಿಷ್ಟು ನೋಡಬೇಕು. 1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ ಎಂಬಾತನು ತನ್ನ ಜಿಲ್ಲೆಯ ಊರೂರಿನ ಶಾಲೆಗಳನ್ನು ಕುರಿತು ಸರ್ಕಾರಕ್ಕೆ ವರದಿಯೊಂದನ್ನು ಬರೆದನು. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರೆಂದು ಅದರಿಂದ ತಿಳಿಯುತ್ತದೆ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ದೊಡ್ಡವರು ಹೇಳಿಕೊಟ್ಟುದನ್ನು ಸಣ್ಣವರು ಒಕ್ಕೊರಲಿನಿಂದ ಒಪ್ಪಿಸುತ್ತಿದ್ದರು. ರಾಮಾಯಣ, ಮಹಾಭಾರತ, ಭಾಗವತಗಳು ಎಲ್ಲರಿಗೂ ಸಾಮಾನ್ಯವಾದ ಪಠ್ಯಗಳಾಗಿದ್ದವು. ಲಿಂಗಧಾರಿಗಳ ಮಕ್ಕಳು ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚನ್ನಬಸವಪುರಾಣಗಳನ್ನೂ ಓದುತ್ತಿದ್ದರೆಂದು ವರದಿಯು ಹೇಳುತ್ತದೆ. ಇಂದಿನ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳ ಬಾಯಲ್ಲಿ ಇಂಥ ಮಹಾಕಾವ್ಯಗಳು ನಲಿಯುತ್ತಿದ್ದವೆಂಬುದು ನಮಗೆ ಹೆಮ್ಮೆಯ ಸಂಗತಿಯೇ ಸರಿ.

ಆದರೆ ಅದೇ ವರದಿಯಲ್ಲಿ ದೂರೂ ಒಂದಿದೆ. ಮಕ್ಕಳು ಕಾವ್ಯಗಳನ್ನು ಗಿಳಿಯಂತೆ ಒಪ್ಪಿಸುತ್ತಿದ್ದರೇ ಹೊರತು ಅವುಗಳ ಅರ್ಥವನ್ನು ಅರಿಯುತ್ತಿರಲಿಲ್ಲ. ಕಾವ್ಯದ ಭಾಷೆಗೂ ಮನೆಯ ಮಾತಿಗೂ ನಡುವೆ ಬಹಳ ದೂರವಿತ್ತು ಎಂಬುದೇ ಆ ದೂರು. ಹೊರಗಿನ ಅಧಿಕಾರಿಯ ಮಾತೆಂದು ಇದನ್ನು ತಳ್ಳಿಹಾಕುವುದು ಸರಿಯಲ್ಲ. ಕೂಲಿಮಠದ ಕಲಿಕೆಯು ನೆನಪನ್ನು ಬಲಪಡಿಸಿತು, ನಾಲಗೆಯನ್ನು ತಿದ್ದಿತು, ಛಂದಸ್ಸಿನ ನಡೆಯನ್ನು ಮೈಗೂಡಿಸಿತು. ಆದರೂ ಎಳೆಯ ಮಗುವಿನ ಅಳತೆಗೆ ತಕ್ಕ ಓದು ಅಲ್ಲಿರಲಿಲ್ಲ. ಮುಂದೆ ಮುದ್ರಣಯಂತ್ರಗಳು ಬಂದು ಸರ್ಕಾರದ ಪಾಠಪುಸ್ತಕಗಳು ಹುಟ್ಟಿಕೊಂಡಾಗಲೂ ಈ ಕೊರತೆ ನೀಗಲಿಲ್ಲ. ಇಂಗ್ಲಿಷ್ ವಾಕ್ಯಗಳನ್ನು ಹಾಗೆಯೇ ಕನ್ನಡಕ್ಕಿಳಿಸಿದ ಒಣ ಪಾಠಗಳು, ನೀತಿಯ ಭಾರದಿಂದ ಬಾಗಿದ ಪದ್ಯಗಳು ಅವುಗಳಲ್ಲಿ ತುಂಬಿದ್ದವು.

ಪಂಜೆಯವರು ಇಪ್ಪತ್ತು ವರ್ಷದ ತರುಣರಾಗಿದ್ದಾಗ, 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಸುಮಾರು 70,000 ಶಬ್ದಗಳನ್ನು ಒಳಗೊಂಡ ಆ ಮಹಾಕೋಶವು ಕನ್ನಡದ ಸಿರಿಯನ್ನು ಒಂದೆಡೆ ಕೂಡಿಹಾಕಿತು. ಕಣಜ ತುಂಬಿತು, ಆದರೆ ಕಣಜದ ಕಾಳು ಮಗುವಿನ ಬಾಯಿಗೆ ತುತ್ತಾಗಿ ಬರಬೇಕಾದರೆ ಕುಟ್ಟಿ, ಬೀಸಿ, ಬೇಯಿಸಿ ಉಣಿಸುವ ಕೈ ಬೇಕು. ಅದೇ ಊರಿನಲ್ಲಿ ಬೆಳೆಯುತ್ತಿದ್ದ ಪಂಜೆಯವರು ಆ ಕೈಯಾದರು.

ಅವರ ಬರವಣಿಗೆ ಮೊಳೆತದ್ದು ಪತ್ರಿಕೆಗಳಲ್ಲಿ. ಬೆನಗಲ್ ರಾಮರಾಯರು ಮಂಗಳೂರಿನಿಂದ ಹೊರಡಿಸುತ್ತಿದ್ದ ‘ಸುವಾಸಿನಿ’ ಮಾಸಪತ್ರಿಕೆಯಲ್ಲಿ ಅವರ ಕಥೆಗಳೂ ಹರಟೆಗಳೂ ಪ್ರಕಟವಾದವು. ಕನ್ನಡ ಸಣ್ಣಕಥೆಯ ಮೊದಲ ಹೆಜ್ಜೆಗಳನ್ನು ಇಟ್ಟವರಲ್ಲಿ ಅವರೂ ಒಬ್ಬರೆಂದು ಸಾಹಿತ್ಯದ ಇತಿಹಾಸವು ಗುರುತಿಸುತ್ತದೆ. ಪದ್ಯಗಳಿಗೆ ಅವರು ಇಟ್ಟುಕೊಂಡ ಹೆಸರು ‘ಕವಿಶಿಷ್ಯ’. ತಾನು ಕವಿಯಲ್ಲ, ಕವಿಗಳ ಶಿಷ್ಯ ಎಂಬ ವಿನಯವು ಆ ಅಂಕಿತದಲ್ಲಿದೆ. ದೊಡ್ಡವರಿಗಾಗಿ ಬರೆದು ದೊಡ್ಡ ಹೆಸರು ಗಳಿಸುವ ಶಕ್ತಿ ಅವರಲ್ಲಿತ್ತು. ಆದರೂ ಅವರು ಮತ್ತೆ ಮತ್ತೆ ಮಕ್ಕಳ ಕಡೆಗೇ ತಿರುಗಿದರು. ಮಕ್ಕಳಿಗಾಗಿ ಬರೆಯುವುದನ್ನು ಕೀಳು ಕೆಲಸವೆಂದು ಪಂಡಿತರು ಎಣಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ತ್ಯಾಗವಾಗಿರಲಿಲ್ಲ.

ಆ ಕಾಲದಲ್ಲಿ ಇನ್‌ಸ್ಪೆಕ್ಟರರು ಬರುತ್ತಾರೆಂದರೆ ಶಾಲೆಗೆ ಶಾಲೆಯೇ ನಡುಗುತ್ತಿತ್ತು. ಮಕ್ಕಳ ಪರೀಕ್ಷೆಯ ಫಲದ ಮೇಲೆ ಉಪಾಧ್ಯಾಯರ ಹಣೆಬರಹ ನಿಂತಿರುತ್ತಿತ್ತು. ಪಂಜೆಯವರು ಬರುವ ರೀತಿ ಬೇರೆ. ಅವರು ಮಕ್ಕಳಿಗೆ ಕಥೆ ಹೇಳುವ, ಹಾಡಿ ತೋರಿಸುವ ಅಧಿಕಾರಿಯೆಂದು ಪ್ರಸಿದ್ಧರಾದರು. ಸುತ್ತಾಟದ ಕೆಲಸದಲ್ಲಿ ಅವರು ಕಡಲ ತೀರದಿಂದ ಘಟ್ಟದ ಬುಡದವರೆಗಿನ ಶಾಲೆಗಳನ್ನು ಕಂಡರು. ಯಾವ ಮಾತಿಗೆ ಮಗುವಿನ ಕಣ್ಣು ಅರಳುತ್ತದೆ, ಯಾವುದಕ್ಕೆ ಮುಖ ಬಾಡುತ್ತದೆ ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿರಲಾರದು.

ಹೀಗೆ ಅರಿತುಕೊಂಡುದರ ಫಲವೇ ಅವರ ಮಕ್ಕಳ ಪದ್ಯಗಳು. ‘ನಾಗರಹಾವೆ’ ಎಂಬ ಪದ್ಯವನ್ನೇ ನೋಡೋಣ. ಎಲ್ಲರೂ ಹೆದರುವ ಹಾವನ್ನು ಅಲ್ಲಿ ಮಗುವೊಂದು ನೆಂಟನನ್ನು ಕರೆಯುವಂತೆ ಕರೆದು ಮಾತನಾಡಿಸುತ್ತದೆ. ಸಾಲುಗಳು ಗಿಡ್ಡ, ಮಾತುಗಳು ಚಿಕ್ಕವು. ಒಂದೇ ಸ್ವರದ ವ್ಯತ್ಯಾಸವಿರುವ ಮಾತುಗಳು ಅಕ್ಕಪಕ್ಕದಲ್ಲಿ ಕುಳಿತಿವೆ. ಹಾವು ಎಂಬ ಮಾತಿನ ಒಂದು ಸ್ವರ ಬದಲಾದರೆ ಹೂವಾಗುತ್ತದೆ ಎಂಬುದನ್ನು ಮಗು ಹಾಡುತ್ತ ಹಾಡುತ್ತಲೇ ಕಂಡುಕೊಳ್ಳುತ್ತದೆ. ಇದನ್ನೇ ಹಲಗೆಯ ಮೇಲೆ ಕಾಗುಣಿತವಾಗಿ ಬರೆದು ತಿದ್ದಿಸಿದರೆ ಗಂಟೆಗಟ್ಟಲೆ ಹಿಡಿದೀತು. ಪದ್ಯದಲ್ಲಿ ಅದು ಆಟವಾಗಿ ಬರುತ್ತದೆ. ಕೈಯನ್ನು ಹೆಡೆಯಂತೆ ಎತ್ತಿ, ಮೈಯನ್ನು ಬಾಗಿಸಿ ಹಾಡಿದ ಮಗುವಿಗೆ ಆ ಪದ್ಯದ ಕ್ರಿಯಾಪದಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

‘ತೆಂಕಣ ಗಾಳಿಯಾಟ’ದಲ್ಲಿ ಅವರು ಇನ್ನೊಂದು ಬಾಗಿಲನ್ನು ತೆರೆದರು. ಕರಾವಳಿಯ ಮೇಲೆ ಬೀಸಿ ಬರುವ ಗಾಳಿಯ ತುಂಟಾಟವೇ ಅಲ್ಲಿಯ ವಸ್ತು. ಕನ್ನಡದಲ್ಲಿ ಸದ್ದನ್ನು ಅನುಕರಿಸುವ ಮಾತುಗಳು ಲೆಕ್ಕವಿಲ್ಲದಷ್ಟಿವೆ. ಮಳೆ, ಗಾಳಿ, ಹೊಳೆ, ಗೆಜ್ಜೆ, ಗುಡುಗು, ಹಕ್ಕಿಯ ರೆಕ್ಕೆ, ಒಣ ಎಲೆ ಒಂದೊಂದಕ್ಕೂ ಒಂದೊಂದು ದನಿಮಾತುಂಟು. ಮಗು ತಾನಾಗಿ ಕಲಿಯುವ ಮೊದಲ ಮಾತುಗಳಲ್ಲಿ ಇವು ಸೇರಿವೆ. ಏಕೆಂದರೆ ಇಲ್ಲಿ ಸದ್ದೇ ಅರ್ಥ. ಹಳೆಯ ಪಾಠಪುಸ್ತಕಗಳು ಇಂಥ ಮಾತುಗಳನ್ನು ಗ್ರಾಮ್ಯವೆಂದು ಹೊರಗಿಟ್ಟಿದ್ದವು. ಪಂಜೆಯವರು ಅವುಗಳನ್ನು ಕರೆದು ಗೌರವದಿಂದ ಪುಸ್ತಕದೊಳಗೆ ಕೂರಿಸಿದರು. ಬೆಳಗಿನ ಸೂರ್ಯನನ್ನು ಕುರಿತ ‘ಉದಯರಾಗ’ದಲ್ಲಿ ಹಗಲು ಹುಟ್ಟುವ ಬಗೆಯನ್ನು ಮಗುವಿನ ಕಣ್ಣಿನಿಂದ ಕಂಡು ಹಾಡಿದರು.

ಕಥೆಗಳಲ್ಲಿಯೂ ಇದೇ ಜಾಣ್ಮೆಯಿದೆ. ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆಯು ಸರಪಣಿಯಂತೆ ಸಾಗುತ್ತದೆ. ಬಿಸಿಲಿಗೆ ಹಾಕಿದ ಸಿಗಡಿ ಏಕೆ ಒಣಗಲಿಲ್ಲವೆಂಬ ಪ್ರಶ್ನೆಗೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ. ಅವರನ್ನು ಕೇಳಿದರೆ ಅವರು ಮತ್ತೊಬ್ಬರನ್ನು ತೋರಿಸುತ್ತಾರೆ. ಪ್ರತಿ ಹೆಜ್ಜೆಯಲ್ಲಿಯೂ ಹಳೆಯ ವಾಕ್ಯದ ಅಚ್ಚು ಹಾಗೆಯೇ ಉಳಿದು ಹೊಸ ಮಾತೊಂದು ಬಂದು ಸೇರುತ್ತದೆ. ಎರಡು ಸುತ್ತು ಕೇಳಿದ ಮಗು ಮೂರನೆಯ ಸುತ್ತಿನಲ್ಲಿ ಕಥೆ ಹೇಳುವವರಿಗಿಂತ ಮೊದಲೇ ಬಾಯಿ ತೆರೆಯುತ್ತದೆ. ಮಗು ಹೊಸ ಮಾತನ್ನು ಒಮ್ಮೆ ಕೇಳಿದರೆ ಮರೆಯುತ್ತದೆ. ಬೇಸರವಿಲ್ಲದೆ ಹತ್ತು ಬಾರಿ ಕೇಳಿದರೆ ತನ್ನದಾಗಿಸಿಕೊಳ್ಳುತ್ತದೆ. ಬೇಸರವಾಗದಂತೆ ಹತ್ತು ಬಾರಿ ಹೇಳುವ ಉಪಾಯವನ್ನು ನಮ್ಮ ಅಜ್ಜಿಯರು ಇಂಥ ಸರಪಣಿ ಕಥೆಗಳಲ್ಲಿ ಬಹಳ ಹಿಂದೆಯೇ ಕಂಡುಕೊಂಡಿದ್ದರು. ಪಂಜೆಯವರು ಅದನ್ನು ಅಚ್ಚಿನ ಪುಟಕ್ಕೆ ತಂದರು.

ಹೊರಗಿನಿಂದ ಬಂದುದನ್ನೂ ಅವರು ತಿರಸ್ಕರಿಸಲಿಲ್ಲ. ಇಂಗ್ಲಿಷ್ ಮಕ್ಕಳ ಮೂರು ಕರಡಿಗಳ ಕಥೆಯನ್ನು ಅವರು ಕನ್ನಡದ ಮಕ್ಕಳಿಗೆ ತಂದುಕೊಟ್ಟರು. ಹೆಬ್ಬೆರಳಿನಷ್ಟು ಪುಟ್ಟ ಹುಡುಗನ ಕಥೆಗಳು ಹಲವು ದೇಶಗಳಲ್ಲಿವೆ. ಕರಾವಳಿಯ ಮಕ್ಕಳಿಗೆ ಅಂಥ ಪುಟ್ಟ ಹುಡುಗನು ‘ಮೆಣಸಿನ ಕಾಳಪ್ಪ’ನಾಗಿ ಬಂದನು. ಕರಿಮೆಣಸಿನ ಬಳ್ಳಿ ಮನೆಯ ಹಿತ್ತಿಲಿನಲ್ಲೇ ಇರುವ ಮಗುವಿಗೆ ಆ ಹೆಸರು ಕೇಳಿದೊಡನೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ತುಳುವರ ಪಾಡ್ದನಗಳಲ್ಲಿ ಹಾಡಾಗಿ ಉಳಿದಿದ್ದ ಅವಳಿ ವೀರರಾದ ಕೋಟಿ ಚೆನ್ನಯರ ಚರಿತೆಯನ್ನು ಅವರು ಕನ್ನಡದ ಗದ್ಯಕ್ಕೆ ತಂದರು. ತುಳುವಾಡುವ ಮಗುವು ತನ್ನ ಮನೆಯಲ್ಲಿ ಕೇಳಿದ ಕಥೆಯನ್ನೇ ಶಾಲೆಯ ಭಾಷೆಯಲ್ಲಿ ಓದುವಾಗ, ಗೊತ್ತಿರುವ ಸಂಗತಿಯ ಹೆಗಲೇರಿ ಗೊತ್ತಿಲ್ಲದ ಮಾತು ಒಳಗೆ ಬರುತ್ತದೆ. ಮನೆಮಾತನ್ನು ಹಳಿಯದೆ, ಅದರ ಸಂಪತ್ತನ್ನೇ ಬಂಡವಾಳವಾಗಿಸಿ ಶಾಲೆಯ ಭಾಷೆಯನ್ನು ಬೆಳೆಸುವ ಈ ರೀತಿಯು ನಮ್ಮ ತಾಂಡಾಗಳ ಶಾಲೆಗಳಿಗೆ ಇಂದು ಬಹಳ ಬೇಕಾಗಿದೆ.

ಶಾಲೆಗಳಲ್ಲಿ ಪದ್ಯ ಕಲಿಸಲು ಅನುಕೂಲವಾಗುವಂತೆ ಬಾಸೆಲ್ ಮಿಷನ್ ಸಂಸ್ಥೆಗಾಗಿ ಅವರು ‘ಕನ್ನಡ ಪದ್ಯ ಪುಸ್ತಕ’ವನ್ನು ಭಾಗ ಭಾಗವಾಗಿ ಸಿದ್ಧಪಡಿಸಿಕೊಟ್ಟರು. ಅದರ ಮೊದಲ ಭಾಗವು 1912ರಲ್ಲಿ ಹೊರಬಂದಿತು. ವಯಸ್ಸಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಪದ್ಯಗಳನ್ನು ಜೋಡಿಸುವ ಕ್ರಮವು ಅಂದಿಗೆ ಹೊಸದು. 1920ರ ದಶಕದಲ್ಲಿ ಮಂಗಳೂರಿನ ‘ಬಾಲಸಾಹಿತ್ಯ ಮಂಡಲ’ವು ಅವರ ನೇತೃತ್ವದಲ್ಲಿ ಮಕ್ಕಳಿಗಾಗಿಯೇ ಪುಸ್ತಕಗಳನ್ನು ಪ್ರಕಟಿಸಿತು. ಪಾಠಪುಸ್ತಕದ ಹೊರಗೆ, ಪರೀಕ್ಷೆಯ ಹಂಗಿಲ್ಲದೆ, ಸಂತೋಷಕ್ಕಾಗಿ ಓದುವ ಪುಸ್ತಕವೂ ಮಗುವಿನ ಕೈಯಲ್ಲಿರಬೇಕೆಂಬ ವಿಚಾರವು ಅಲ್ಲಿ ಕಾರ್ಯರೂಪಕ್ಕೆ ಬಂದಿತು.

ಸೇವೆಯ ಕೊನೆಯ ವರ್ಷಗಳು ಕೊಡಗಿನಲ್ಲಿ ಕಳೆದವು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಹೋದ ಪಂಜೆಯವರು ಆ ನಾಡನ್ನು ತಮ್ಮದೆಂದೇ ಪ್ರೀತಿಸಿದರು. ಕೊಡವರ ಸುಗ್ಗಿಯ ಹಬ್ಬವನ್ನು ಕುರಿತು ಅವರು ಬರೆದ ‘ಹುತ್ತರಿಯ ಹಾಡು’ ಕೊಡಗಿನ ಜನರ ನಾಡಹಾಡಿನಂತೆ ಮನ್ನಣೆ ಪಡೆಯಿತು. ಕೊಂಕಣಿ ಮನೆಮಾತಿನವರು, ತುಳುನಾಡಿನಲ್ಲಿ ಹುಟ್ಟಿದವರು, ಕೊಡವ ಭಾಷೆಯ ನಾಡನ್ನು ಕನ್ನಡದಲ್ಲಿ ಹಾಡಿ ಆ ಜನರ ಹೃದಯವನ್ನು ಗೆದ್ದರು. ಭಾಷೆಯು ಬೇಲಿಯಾಗದೆ ಸೇತುವೆಯಾದಾಗ ಏನಾಗುತ್ತದೆಂಬುದಕ್ಕೆ ಇದು ಸಾಕ್ಷಿ.

1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡವರು ಪಂಜೆಯವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ರಾಯಚೂರು ಆಗ ನಿಜಾಮರ ಆಳ್ವಿಕೆಗೆ ಸೇರಿದ್ದ ಊರು. ಕನ್ನಡಕ್ಕೆ ಅಲ್ಲಿ ರಾಜಾಶ್ರಯವಿರಲಿಲ್ಲ. ಅಂಥ ನೆಲದಲ್ಲಿ ಮಕ್ಕಳ ಕವಿಯೊಬ್ಬರು ಅಧ್ಯಕ್ಷ ಪೀಠವನ್ನೇರಿದ್ದು ಶಿಶುಸಾಹಿತ್ಯಕ್ಕೆ ಸಂದ ಗೌರವವಾಯಿತು. ಮೂರು ವರ್ಷಗಳ ಬಳಿಕ, 1937ರ ಅಕ್ಟೋಬರ್ ತಿಂಗಳಿನಲ್ಲಿ, ಹೈದರಾಬಾದಿನಲ್ಲಿ ಅವರು ಕೊನೆಯುಸಿರೆಳೆದರು. ಆಗ ಅವರಿಗೆ 63 ವರ್ಷ.

ಅವರು ಹಾಕಿದ ದಾರಿಯಲ್ಲಿ ಹಲವರು ನಡೆದರು. ಕುವೆಂಪು ಅವರು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಕೊಟ್ಟರು. ಜಿ. ಪಿ. ರಾಜರತ್ನಂ ಅವರು ‘ತುತ್ತೂರಿ’ಯಂಥ ಪುಸ್ತಕಗಳಿಂದ ಮನೆಮನೆಯ ತೊಟ್ಟಿಲಿನ ಬಳಿಗೆ ಬಂದರು. ಏಕೀಕರಣದ ತರುವಾಯ ಪಂಜೆಯವರ ಪದ್ಯಗಳು ಪಾಠಪುಸ್ತಕಗಳ ಮೂಲಕ ಇಡೀ ಕರ್ನಾಟಕವನ್ನು ತಲುಪಿದವು. ಘಟ್ಟದ ಕೆಳಗಿನ ಗಾಳಿ ಘಟ್ಟದ ಮೇಲಿನ ಕಡೂರಿನ ಬಯಲಿನಲ್ಲಿಯೂ ಬೀಸಿತು.

ಪಂಜೆಯವರ ಬದುಕಿನಿಂದ ನಾವು ತಿಳಿಯಬೇಕಾದ ಮುಖ್ಯ ಸಂಗತಿಯೊಂದಿದೆ. ಕನ್ನಡದ ಅಕ್ಷರಮಾಲೆ, ಕಾಗುಣಿತ, ಒತ್ತಕ್ಷರಗಳನ್ನು ದಾಟಿ ಸರಾಗವಾಗಿ ಓದುವ ಹಂತಕ್ಕೆ ಬರಲು ಮಗುವಿಗೆ ಕೆಲವು ವರ್ಷಗಳೇ ಹಿಡಿಯುತ್ತವೆ. ಆ ವರ್ಷಗಳಲ್ಲಿ ನಾವು ಅಕ್ಷರವನ್ನಷ್ಟೇ ತಿದ್ದಿಸುತ್ತ ಕುಳಿತರೆ, ಓದಲು ಬರುವ ಹೊತ್ತಿಗೆ ಮಗುವಿನ ಬಳಿ ಮಾತಿನ ದಾಸ್ತಾನೇ ಇರುವುದಿಲ್ಲ. ನೇಗಿಲು ಎಂದು ಕೂಡಿಸಿ ಓದಿದರೂ ನೇಗಿಲೆಂಬ ಮಾತನ್ನು ಎಂದೂ ಕೇಳದ ಮಗುವಿಗೆ ಅದು ಮೂರು ಸದ್ದುಗಳು ಮಾತ್ರ. ಕೇಳಿ ಬಲ್ಲ ಮಗುವಾದರೆ ಎರಡನೆಯ ಅಕ್ಷರಕ್ಕೇ ಮಾತನ್ನು ಊಹಿಸಿ ಮುಂದೆ ಓಡುತ್ತದೆ. ಆದುದರಿಂದ ಕಣ್ಣು ಅಕ್ಷರ ಕಲಿಯುತ್ತಿರುವಾಗಲೇ ಕಿವಿಗೆ ಮಾತುಗಳನ್ನು ಧಾರಾಳವಾಗಿ ಉಣಿಸಬೇಕು. ದೊಡ್ಡವರು ಓದಿ ಹೇಳಬೇಕು; ಮಗು ಕೇಳಬೇಕು, ಕೇಳಿದ್ದನ್ನು ಮರಳಿ ಆಡಬೇಕು.

ಇದಕ್ಕೆ ಬೇಕಾದ ಸಾಮಗ್ರಿ ನಮ್ಮ ಮೂರು ತಾಲ್ಲೂಕುಗಳಲ್ಲಿ ಬೇಕಾದಷ್ಟಿದೆ. ಕಡೂರು ಸೀಮೆಯ ಮದಗದ ಕೆರೆಗೆ ಮಳೆ ಬಂದುದನ್ನು ವರ್ಣಿಸುವ ಜನಪದ ಗೀತೆಯನ್ನು ನಾಡೇ ಹಾಡುತ್ತದೆ. ಆ ಕೆರೆಯ ನೀರನ್ನು ನೋಡಿ ಬೆಳೆಯುವ ನಮ್ಮ ಮಕ್ಕಳು ಅದನ್ನು ಹಾಡದಿದ್ದರೆ ಹೇಗೆ? ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟು ಎಂಬ ಮಾತುಗಳನ್ನು ಕೆರೆಯ ದಡದಲ್ಲಿ ನಿಂತು ತೋರಿಸಿ ಹೇಳಿದರೆ ಮಗು ಎಂದಿಗೂ ಮರೆಯದು. ತರೀಕೆರೆಯ ಸಮೀಪದ ಅಮೃತಾಪುರದ ಅಮೃತೇಶ್ವರ ದೇವಾಲಯವು 1196ರಲ್ಲಿ ಕಟ್ಟಿದುದು. ಅದರ ಮಂಟಪದ ಹೊರಗೋಡೆಯ 140 ಫಲಕಗಳಲ್ಲಿ ರಾಮಾಯಣ, ಭಾಗವತ, ಭಾರತದ ಪ್ರಸಂಗಗಳಿವೆ. ಕಲ್ಲಿನಲ್ಲಿ ಬರೆದ ಚಿತ್ರಪುಸ್ತಕವದು. ಮಗುವಿನ ಕೈ ಹಿಡಿದು ಒಂದೊಂದು ಫಲಕದ ಮುಂದೆ ನಿಂತು, ಇಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ, ಮುಂದೇನಾಯಿತು ಎಂದು ಕೇಳುತ್ತ ಹೋದರೆ ಒಂದು ಮಧ್ಯಾಹ್ನದಲ್ಲಿ ನೂರು ಮಾತು ಕಲಿಯುತ್ತದೆ. ಅಜ್ಜಂಪುರದ ಅಮೃತಮಹಲ್ ರಾಸುಗಳನ್ನು ತೋರಿಸಿ ಕೊಂಬು, ಗೊರಸು, ಹಿಣಿಲು, ಕಾವಲು, ದೊಡ್ಡಿ, ಕಣ್ಣಿ ಎಂಬ ಮಾತುಗಳನ್ನು ಕಲಿಸಬಹುದು. ತೋಟದ ಮನೆಯ ಮಗುವಿಗೆ ಸಿಂಗಾರ, ಗೊನೆ, ಹಾಳೆ, ಸೋಗೆಗಳೇ ಮೊದಲ ಪಾಠ. ಕಡೂರು ತಾಲ್ಲೂಕಿನ ದೇವನೂರನ್ನು ಜೈಮಿನಿ ಭಾರತದ ಲಕ್ಷ್ಮೀಶ ಕವಿಯ ಊರೆಂದು ಜನರು ಗೌರವಿಸುತ್ತಾರೆ. ಅಂಥ ನುಡಿಸಿರಿಯ ನೆಲದ ಮಕ್ಕಳು ಮಾತಿಗೆ ಬಡವರಾಗಬಾರದು.

ಮನೆಯವರು ಮಾಡಬೇಕಾದುದು ಬಹಳವಿಲ್ಲ. ಇರುಳು ಊಟವಾದ ಮೇಲೆ ಕಾಲು ಗಂಟೆ ಮೊಬೈಲನ್ನೂ ಟಿವಿಯನ್ನೂ ಬದಿಗಿಟ್ಟು ಚಿತ್ರವಿರುವ ಒಂದು ಪುಸ್ತಕವನ್ನು ಮಗುವಿನೊಡನೆ ಕುಳಿತು ಓದಿರಿ. ಓದುವಾಗ ಬೆರಳನ್ನು ಸಾಲಿನ ಕೆಳಗೆ ಆಡಿಸಿರಿ. ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಿರಿ. ಹೌದು ಅಲ್ಲ ಎಂಬುದರಲ್ಲಿ ಮುಗಿಯದಂಥ ಪ್ರಶ್ನೆ ಕೇಳಿರಿ. ಮಗು ಒಂದು ಮಾತಿನಲ್ಲಿ ಉತ್ತರಿಸಿದರೆ ನೀವು ಅದನ್ನು ಒಂದು ವಾಕ್ಯವಾಗಿ ಬೆಳೆಸಿ ಹೇಳಿರಿ. ಅದೇ ಪುಸ್ತಕವನ್ನು ಮತ್ತೆ ಬೇಡಿದರೆ ಬೇಸರಿಸದೆ ಮತ್ತೆ ಓದಿರಿ. ಮರುಓದಿನಲ್ಲಿಯೇ ಮಾತು ನೆಲೆಗೊಳ್ಳುತ್ತದೆ. ಓದು ಬಾರದ ಅಜ್ಜ ಅಜ್ಜಿಯರು ತಾವು ಈ ಕೆಲಸಕ್ಕೆ ಸಲ್ಲದವರೆಂದು ಎಣಿಸಬಾರದು. ಕಥೆ, ಒಗಟು, ಗಾದೆ, ಹಾಡುಗಳಿರುವ ಅಜ್ಜಿಯೇ ಮನೆಯ ಮೊದಲ ಪುಸ್ತಕ. ಮನೆಮಾತು ಲಂಬಾಣಿಯೋ ಉರ್ದುವೋ ಆಗಿದ್ದರೆ ಆ ಮಾತಿನಲ್ಲಿಯೇ ಕಥೆ ಹೇಳಿರಿ. ಅಲ್ಲಿ ಬೆಳೆದ ತಿಳಿವು ಕನ್ನಡದ ಓದಿಗೂ ಆಸರೆಯಾಗುತ್ತದೆ.

ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತವಾಗಿ ಸದಸ್ಯತ್ವ ದೊರೆಯುವಂತಾಯಿತು. ನಿಮ್ಮ ಮಕ್ಕಳ ಹೆಸರನ್ನು ಅಲ್ಲಿ ಬರೆಸಿರಿ. ನೆರೆಮನೆಯ ಕೂಲಿಕಾರರ ಮಕ್ಕಳ ಹೆಸರನ್ನೂ ಬರೆಸಿರಿ. ಆರು ತುಂಬದ ಮಕ್ಕಳಿಗೆ ಅಂಗನವಾಡಿಯಿದೆ. ಹುಟ್ಟುಹಬ್ಬ, ನಾಮಕರಣ, ಗೃಹಪ್ರವೇಶಗಳಲ್ಲಿ ಅಲಂಕಾರಕ್ಕೆ ಆಗುವ ವೆಚ್ಚದಲ್ಲಿ ಒಂದಂಶವನ್ನು ಉಳಿಸಿ, ಊರಿನ ಅಂಗನವಾಡಿಗೆ ಹತ್ತು ಚಿತ್ರಪುಸ್ತಕಗಳನ್ನು ಕೊಟ್ಟರೆ ಅದು ನಿಜವಾದ ದಾಸೋಹವಾಗುತ್ತದೆ. ಓದು ಬಲ್ಲ ಯುವಕ ಯುವತಿಯರು ವಾರಕ್ಕೊಂದು ಸಂಜೆ ಹಟ್ಟಿಯ ಕಟ್ಟೆಯ ಮೇಲೆ ಮಕ್ಕಳನ್ನು ಕೂಡಿಸಿ ಕಥೆ ಓದಿ ಹೇಳಬಹುದು.

ಹನ್ನೆರಡನೆಯ ಶತಮಾನದ ಶರಣರು ಅನುಭಾವದ ಎತ್ತರದ ವಿಚಾರಗಳನ್ನು ಜನರಾಡುವ ಕನ್ನಡದಲ್ಲಿ ಹೇಳಿ, ದುಡಿಯುವ ಜನರ ಬಾಯಿಗೆ ನುಡಿಯ ಅಧಿಕಾರವನ್ನು ಕೊಟ್ಟರು. ಪಂಜೆಯವರು ಬೇರೆ ಪರಂಪರೆಯಲ್ಲಿ ಹುಟ್ಟಿದವರಾದರೂ ಅದೇ ಅಧಿಕಾರವನ್ನು ಎಳೆಯ ಮಕ್ಕಳಿಗೆ ಕೊಡಲು ದುಡಿದರು. ನಾಳೆ ವಚನಗಳನ್ನು ಓದಿ ಅರಿಯಬೇಕಾದವರು ಇಂದಿನ ಅಂಗನವಾಡಿಯ ಮಕ್ಕಳೇ. ಅರ್ಥವರಿಯದೆ ವಚನಗಳನ್ನು ಒಪ್ಪಿಸುವ ಪೀಳಿಗೆಯೊಂದು ನಮ್ಮ ಕಣ್ಣೆದುರೇ ಬೆಳೆಯದಿರಲಿ. ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಭಕ್ತಾದಿಗಳು ಇದೇ ವಾರದಿಂದ ತಮ್ಮ ಮನೆಗಳಲ್ಲಿ ಮಕ್ಕಳೊಡನೆ ಕುಳಿತು ಓದುವ ಪರಿಪಾಠವನ್ನು ಆರಂಭಿಸಬೇಕೆಂದು ಕೋರುತ್ತೇವೆ. ಪಂಜೆಯವರ ಪದ್ಯವೊಂದರಿಂದಲೇ ಅದು ಮೊದಲಾಗಲಿ.